ತಮನ್ ನೆಗಾರಾ ದಾರಿ, ಖಾವೊ ಸೋಕ್ ದಾರಿ: ಎರಡು ಪ್ರವಾಸಗಳ ಹೋಲಿಕೆ

ನಗರ, ಕಾಡು, ಕಡಲು ಮೂರನ್ನೂ ಹತ್ತು ದಿನಗಳ ರಜೆಯಲ್ಲಿ ನೋಡಬೇಕೆಂದು ನಾವು ಎರಡು ಬಾರಿ ಹೊರಟೆವು. ಮೊದಲನೆಯದು ದೀಪಾವಳಿ ಮುಗಿದ ಮೇಲೆ, ನವೆಂಬರಿನಲ್ಲಿ: ಮಲೇಷ್ಯಾದ ಕ್ವಾಲಾಲಂಪುರ, ತಮನ್ ನೆಗಾರಾ, ಪೆರ್ಹೆಂಟಿಯನ್ ದ್ವೀಪಗಳು. ಎರಡನೆಯದು ಸಂಕ್ರಾಂತಿಗೆ ಮುಂಚೆ, ಜನವರಿಯಲ್ಲಿ: ಥಾಯ್ಲೆಂಡಿನ ಬ್ಯಾಂಕಾಕ್, ಖಾವೊ ಸೋಕ್, ಕೊ ಲಾಂಟಾ. ಇನ್ನೊಮ್ಮೆ ಹೊರಟರೆ ನಾನು ಹಿಡಿಯುವುದು ಎರಡನೆಯ ದಾರಿಯನ್ನೇ.

ಪೆರ್ಹೆಂಟಿಯನ್‌ಗೆ ದೋಣಿ ಹೊರಡುವುದು ತೆರೆಂಗಾನು ರಾಜ್ಯದ ಕ್ವಾಲಾ ಬೆಸುತ್ ಎಂಬ ಸಣ್ಣ ಊರಿನಿಂದ. ಕಾಡಿನಿಂದ ಇಡೀ ಒಂದು ದಿನ ವ್ಯಾನಿನಲ್ಲಿ ಕುಳಿತು ಅಲ್ಲಿಗೆ ಬಂದರೆ, ಅಲೆ ಜೋರಾಗಿದೆ, ದೋಣಿ ಬಿಡುವುದಿಲ್ಲ ಎಂದರು. ಮರುದಿನವೂ ಅದೇ ಉತ್ತರ. ಎರಡು ರಾತ್ರಿ ಕಾದು, ದ್ವೀಪದ ಕೋಣೆಗೆ ಕೊಟ್ಟಿದ್ದ ಮುಂಗಡವನ್ನೂ ಕಳೆದುಕೊಂಡು, ಕೋಟಾ ಭಾರುವಿನಿಂದ ವಿಮಾನದಲ್ಲಿ ಕ್ವಾಲಾಲಂಪುರಕ್ಕೆ ಮರಳಿದೆವು.

ಪ್ರವಾಸವನ್ನು ಹೊಂದಿಸಿಕೊಟ್ಟವರು ‘ಸ್ವಲ್ಪ ಮಳೆ ಬರಬಹುದು’ ಎಂದಷ್ಟೇ ಹೇಳಿದ್ದರು. ತೀರ್ಥಹಳ್ಳಿಯ ಕಡೆಯವರಾದ ನಮಗೆ ಮಳೆ ಒಂದು ಅಡ್ಡಿಯಾಗಿ ಕಾಣಲಿಲ್ಲ, ಅಡ್ಡಿಯಾದದ್ದು ಕಡಲು. ನವೆಂಬರಿನಿಂದ ಸುಮಾರು ಫೆಬ್ರವರಿಯವರೆಗೆ ಈಶಾನ್ಯ ಮಾರುತ ದಕ್ಷಿಣ ಚೀನಾ ಸಮುದ್ರವನ್ನು ದಾಟಿ ಮಲೇಷ್ಯಾದ ಪೂರ್ವ ಕರಾವಳಿಗೆ ನೇರವಾಗಿ ಬಡಿಯುವುದರಿಂದ, ಆ ತಿಂಗಳುಗಳಲ್ಲಿ ಪೆರ್ಹೆಂಟಿಯನ್‌ನ ಹೆಚ್ಚಿನ ವಸತಿಗೃಹಗಳು ಬಾಗಿಲು ಹಾಕಿರುತ್ತವೆ. ಅದೇ ಹೊತ್ತಿನಲ್ಲಿ ಪಶ್ಚಿಮಕ್ಕಿರುವ ಅಂಡಮಾನ್ ಸಮುದ್ರದ ದಡ ಒಣಗಿ ಶಾಂತವಾಗಿರುತ್ತದೆ, ಏಕೆಂದರೆ ಅಲ್ಲಿನ ಮಳೆಗಾಲ ನಮ್ಮದರಂತೆ ನೈಋತ್ಯ ಮಾರುತದ್ದು, ಮೇ ತಿಂಗಳಿನಿಂದ ಅಕ್ಟೋಬರಿನವರೆಗಿನದು. ಇಷ್ಟು ತಿಳಿದಿದ್ದರೆ ಮಲೇಷ್ಯಾದಲ್ಲಿಯೇ ಪಶ್ಚಿಮದ ಲಂಕಾವಿಯನ್ನು ಆರಿಸಿಕೊಳ್ಳಬಹುದಿತ್ತು.

ಅದೇ ಅಂಡಮಾನ್ ದಡದಲ್ಲಿರುವ ಕೊ ಲಾಂಟಾ ದ್ವೀಪಕ್ಕೆ ಹೋಗುವಾಗ ಈ ಆತಂಕವೇ ಇರಲಿಲ್ಲ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋಗುವ ಬಸ್ಸು ಹೊಳೆಬಾಗಿಲಿನಲ್ಲಿ ಲಾಂಚ್ ಏರುತ್ತಿದ್ದಂತೆ, ನಾವು ಕುಳಿತಿದ್ದ ವ್ಯಾನು ದೊಡ್ಡ ಲಾಂಚನ್ನೇರಿ ದ್ವೀಪಕ್ಕೆ ದಾಟಿತು.

ಕಾಡಿನ ವಿಷಯದಲ್ಲಿ ನ್ಯಾಯವಾಗಿ ಹೇಳುವುದಾದರೆ ತಮನ್ ನೆಗಾರಾವೇ ಮೇಲು. 4,343 ಚದರ ಕಿಲೋಮೀಟರುಗಳ ಆ ಮಳೆಕಾಡಿನ ಮುಂದೆ 739 ಚದರ ಕಿಲೋಮೀಟರುಗಳ ಖಾವೊ ಸೋಕ್ ಚಿಕ್ಕದು. ತೆಂಬೆಲಿಂಗ್ ನದಿಯ ದಂಡೆಯ ಹೆಮ್ಮರಗಳು ಆಗುಂಬೆಯನ್ನು ಕಂಡವರನ್ನೂ ಬೆರಗುಗೊಳಿಸುತ್ತವೆ. ಇಂಬಳಗಳು ಮಾತ್ರ ಅಲ್ಲಿಯೂ ನಮ್ಮ ಮಲೆನಾಡಿನಷ್ಟೇ ಧಾರಾಳ. ಆದರೆ ಖಾವೊ ಸೋಕ್‌ನ ಚಿಯೋ ಲಾನ್ ಸರೋವರದಲ್ಲಿ, ತೇಲುವ ಬಿದಿರಿನ ಮನೆಯಲ್ಲಿ ಮಲಗಿದ್ದು, ಬೆಳಗಿನ ಜಾವ ಸುಣ್ಣದ ಕಲ್ಲಿನ ಬೆಟ್ಟಗಳ ನಡುವಿನಿಂದ ಗಿಬ್ಬನ್ ಎಂಬ ವಾನರಗಳ ಕೂಗು ಕೇಳಿ ಎದ್ದದ್ದನ್ನು ನನ್ನ ಹೆಂಡತಿ ಇಂದಿಗೂ ನೆನೆಯುತ್ತಾಳೆ. ಅದು 1980ರ ದಶಕದಲ್ಲಿ ರಾಚಪ್ರಭಾ ಅಣೆಕಟ್ಟು ಕಟ್ಟಿದಾಗ ಕಣಿವೆ ಮುಳುಗಿ ಆದ ಸರೋವರ. ನೀರಿನಿಂದ ಮೇಲೆದ್ದ ಒಣ ಮರಗಳನ್ನು ಕಂಡಾಗ ಶರಾವತಿಯ ಹಿನ್ನೀರನ್ನು ನೆನೆಯದೆ ಇರಲು ನಮ್ಮಿಂದಾಗಲಿಲ್ಲ.

ಎರಡು ನಗರಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಎಂದು ನನಗೆ ಅನಿಸಲಿಲ್ಲ.

ಊಟದಲ್ಲಿ ಕ್ವಾಲಾಲಂಪುರವೇ ಸುಲಭ. ಬ್ರಿಕ್‌ಫೀಲ್ಡ್ಸ್ ಬೀದಿಗಳಲ್ಲಿ ಇಡ್ಲಿ, ದೋಸೆ, ಬಾಳೆಯೆಲೆಯ ಊಟ ಎಲ್ಲವೂ ಇವೆ. ಥಾಯ್ಲೆಂಡಿನಲ್ಲಿ ತರಕಾರಿಯ ಪಲ್ಯಕ್ಕೂ ಮೀನಿನ ಸಾಸ್ ಬೀಳುವುದರಿಂದ ‘ಜೇ’ ಎಂಬ ಮಾತನ್ನು ಕಲಿಯಲೇಬೇಕು. ಹಾಗೆಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಬೆಳ್ಳುಳ್ಳಿಯೂ ಇಲ್ಲದ ಅಡುಗೆ. ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುವ ಅಂಗಡಿಗಳಲ್ಲಿ ನಿಶ್ಚಿಂತೆಯಿಂದ ಉಂಡೆವು.

ನಮ್ಮಿಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ದೀಪಾವಳಿ ಮತ್ತು ಸಂಕ್ರಾಂತಿಯ ನಡುವೆ ಮಾತ್ರ. ಬ್ಯಾಂಕಾಕಿನಿಂದ, ಖಾವೊ ಸೋಕ್‌ಗೆ ಹೋಗಲು ಇಳಿಯಬೇಕಾದ ಸೂರತ್ ಥಾನಿಗೆ ರಾತ್ರಿ ರೈಲಿನಲ್ಲಿ ಮಲಗಿ ಹೋದರೆ ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ, ಹಗಲೂ ಉಳಿಯುತ್ತದೆ. ಹಾಗಾಗಿ ನಮಗೆ ಖಾವೊ ಸೋಕ್ ದಾರಿಯೇ ಸರಿ. ಏಪ್ರಿಲ್–ಮೇ ತಿಂಗಳಿನಲ್ಲಿ ಮಕ್ಕಳ ಬೇಸಿಗೆ ರಜೆಗೆ ಹೊರಡುವವರು ಮಾತ್ರ ಪೆರ್ಹೆಂಟಿಯನ್ ದಾರಿಯನ್ನೇ ಹಿಡಿಯಲಿ. ಆಗ ಅಲ್ಲಿನ ಕಡಲು ತಿಳಿಯಾಗಿರುತ್ತದೆ.