ಜೌಗಿನಲ್ಲಿ ಹಕ್ಕಿ ನೋಡೋಕೆ ಯಾವುದು? 8×42, 10×42, ಸ್ಕೋಪ್

ವಸಂತದ ಒಂದು ಬೆಳಿಗ್ಗೆ ನನ್ನ 8×42 ಬೈನಾಕ್ಯುಲರ್ (8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜು ಎಷ್ಟು ಮಿ.ಮೀ. ಅಗಲ), ಗೆಳೆಯನಿಂದ ಇಸ್ಕೊಂಡ 10×42, ಜೊತೆಗೆ 20ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ, ಒಂದೇ ಕಣ್ಣಿಟ್ಟು ನೋಡುವ ದೂರದರ್ಶಕ ಸ್ಪಾಟಿಂಗ್ ಸ್ಕೋಪ್, ಮೂರನ್ನೂ ಹೊತ್ತುಕೊಂಡು ಕಡಲಂಚಿನ ಜೌಗಿಗೆ ಹೋದೆ. ಟ್ರೈಪಾಡ್ ಬೇರೆ. ಹೆಗಲು ಇನ್ನೂ ನೋಯ್ತಿದೆ.

ಬೆಳಕು ಹರಿಯುವ ಮೊದಲು 8×42 ಎದುರು ಉಳಿದ ಎರಡೂ ಸೋತವು. 42ನ್ನು 8ರಿಂದ ಭಾಗಿಸಿ, ಕಣ್ಣಿಗೆ ತಲುಪುವ ಬೆಳಕಿನ ವೃತ್ತ 5.25 ಮಿ.ಮೀ. 10ರಿಂದ ಭಾಗಿಸಿದರೆ 4.2. ಕಾಗದದ ಮೇಲೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಮಬ್ಬಿನಲ್ಲಿ ಹುಲ್ಲಿನ ಬುಡಕ್ಕೆ ಅಂಟಿ ಕೂತ ಸ್ನೈಪ್ 8ರಲ್ಲಿ ಹಕ್ಕಿಯಾಗಿ ಕಂಡಿತು, 10ರಲ್ಲಿ ಸುಮ್ನೆ ಕಂದು ಮುದ್ದೆ.

ಅಷ್ಟರಲ್ಲಿ ಸೆಳೆವ ಎಂಬ ಬೇಟೆ ಹಕ್ಕಿಯೊಂದು ತಗ್ಗಿನಲ್ಲಿ ತೇಲಿ ಬಂತು, ಕೆಸರಲ್ಲಿ ಮೇಯುವ ಗೊರವ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಇಂಥ ಹೊತ್ತಲ್ಲಿ ಸಿಗುವುದು ಎರಡು ಮೂರು ಸೆಕೆಂಡು. ರೆಕ್ಕೆಯ ಹಿಂದಂಚು ಬಿಳಿ ಇದ್ದರೆ ರೆಡ್‌ಶ್ಯಾಂಕ್, ಅದಿಲ್ಲದೆ ಬೆನ್ನಿನ ಮೇಲೆ ಬಿಳಿ ಬೆಣೆ ಮಾತ್ರ ಇದ್ದರೆ ಗ್ರೀನ್‌ಶ್ಯಾಂಕ್, ಅಷ್ಟು ನೋಡಿದರೆ ಸಾಕು. 8ರ ಅಗಲ ನೋಟದಲ್ಲಿ ಎರಡೂ ಸಿಕ್ಕವು. 10ರಲ್ಲಿ ಕಡಲ ಗಾಳಿಗೆ ನನ್ನ ಕೈ ನಡುಕವೇ ಜಾಸ್ತಿ ಕಂಡಿತು. ಸ್ಕೋಪ್ ತಿರುಗಿಸುವಷ್ಟರಲ್ಲಿ ಅವು ಇಳಿದೂ ಆಗಿತ್ತು.

ಹಾಗಂತ ಸ್ಕೋಪ್ ದಂಡ ಅನ್ನಲಾರೆ. ಇಳಿತದ ಹೊತ್ತು, ನೀರು ದೂರ ಸರಿದು ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳು. ಸ್ಕೋಪ್‌ಗೆ ಕಣ್ಣಿಟ್ಟರೆ ಚುಕ್ಕಿಗಳಿಗೆ ಜೀವ ಬಂತು: ಹೊಟ್ಟೆ ಕಪ್ಪಾಗಿದ್ದ ಡನ್ಲಿನ್‌ಗಳು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದ ಕರ್ಲ್ಯೂ ಸ್ಯಾಂಡ್‌ಪೈಪರ್, ಪಕ್ಕದಲ್ಲೇ ಕಾಲಿಗೆ ಪುಟ್ಟ ಬಣ್ಣದ ಪಟ್ಟಿ ಕಟ್ಟಿಸಿಕೊಂಡ ಬಾರ್-ಟೇಲ್ಡ್ ಗಾಡ್ವಿಟ್. 2022ರಲ್ಲಿ ಇದೇ ಜಾತಿಯ ಎಳೆ ಹಕ್ಕಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ, 11 ದಿನದಲ್ಲಿ, 13,560 ಕಿ.ಮೀ. ಹಾರಿದ್ದು ಸ್ಯಾಟಲೈಟ್ ಟ್ಯಾಗ್‌ನಿಂದ ಗೊತ್ತಾಯಿತು. ಟ್ಯಾಗ್ ಇಲ್ಲದ ಹಕ್ಕಿ ಎಲ್ಲಿಂದ ಬಂತು ಅಂತ ಹೇಳುವುದು ಕಾಲಿನ ಪಟ್ಟಿಯ ಅಕ್ಷರಗಳೇ, ಅವನ್ನು ಅಷ್ಟು ದೂರದಿಂದ ಓದೋಕೆ ಸ್ಕೋಪ್ ಬೇಕೇ ಬೇಕು. ನಾನು ಎರಡು ಅಕ್ಷರ ಓದಿದೆ, ಟ್ರೈಪಾಡಿನ ಒಂದು ಕಾಲು ಮೆಲ್ಲಗೆ ಕೆಸರಿಗೆ ಇಳಿಯಿತು, ಸ್ಕೋಪ್ ವಾಲಿತು, ಮತ್ತೆ ನೆಟ್ಟಗೆ ಮಾಡುವಷ್ಟರಲ್ಲಿ ಗಾಡ್ವಿಟ್ ಬೆನ್ನು ತೋರಿಸಿ ನಡೆದಿತ್ತು.

ಬಿಸಿಲೇರಿದ ಮೇಲೆ ಸ್ಕೋಪಿನ 60 ಪಟ್ಟು ಹೆಸರಿಗಷ್ಟೇ. ಕೆಸರಿನ ಮೇಲಿನ ಗಾಳಿ ಕಾದು ಹಕ್ಕಿಗಳೆಲ್ಲ ಕುದಿಯುವ ನೀರಿನೊಳಗೆ ನಿಂತಂತೆ ಅಲುಗಾಡುತ್ತವೆ. 25ಕ್ಕೆ ಇಳಿಸಿದಾಗಲೇ ನೆಮ್ಮದಿ.

ಆಮೇಲೆ ಉಬ್ಬರ ಶುರುವಾಯಿತು. ನೀರು ಏರಿದಂತೆ ಹಕ್ಕಿಗಳೇ ದಂಡೆಯ ಕಡೆ ಸರಿದು ಬಂದವು, ನಾನು ಅಲ್ಲಾಡದೆ ಕೂತಿದ್ದೆ, ಸ್ಕೋಪ್ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಮುಂದಿನ ಸಲ ಉಬ್ಬರದ ವೇಳೆ ನೋಡಿಕೊಂಡು 8×42 ಒಂದನ್ನೇ ಒಯ್ಯುತ್ತೇನೆ, ಇಳಿತಕ್ಕೆ ಹೋಗುವುದಾದರೆ ಮಾತ್ರ ಸ್ಕೋಪ್, ಅದೂ ಟ್ರೈಪಾಡಿನ ಕಾಲಡಿಗೆ ಇಡೋಕೆ ಹಲಗೆ ತುಂಡುಗಳ ಸಮೇತ. 10×42 ಅವತ್ತು ಸಂಜೆಯೇ ಗೆಳೆಯನ ಮನೆ ಸೇರಿತು.