ಪಂಪಿನ ಪೈಪಿಗೆ ಯಾವ ಕ್ಲಿಪ್ಪು: ಸ್ಕ್ರೂ, ಕೇಬಲ್ ಟೈ, ಇಲ್ಲಾ ಬಿಸಿಗೆ ಬಿಗಿಯುವ ಪಟ್ಟಿ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ವಿಡಿಯೊ ಎಡಿಟಿಂಗ್ ರೂಮು ಇರುವುದು ಮೂರನೇ ಮಹಡಿಯಲ್ಲಿ. ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು. ಏಪ್ರಿಲ್ ಮಧ್ಯಾಹ್ನ ಒಳಗೇ 36 ಡಿಗ್ರಿ ಇರುತ್ತದೆ. ಮದುವೆ ಸೀಸನ್ನೂ ಅದೇ ಹೊತ್ತಿಗೆ. ಕಂಪ್ಯೂಟರು ಹಗಲು ರಾತ್ರಿ ರೆಂಡರ್ ಮಾಡುತ್ತಲೇ ಇರುತ್ತದೆ. ರೈಜನ್ 9 5950ಎಕ್ಸ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡು ಎರಡನ್ನೂ ಒಂದೇ ವಾಟರ್ ಕೂಲಿಂಗ್ ಲೂಪಿಗೆ ಹಾಕಿದ್ದೇನೆ. ಅಂದರೆ ಅವುಗಳ ಮೇಲೆ ಕೂರಿಸಿದ ಬ್ಲಾಕುಗಳಿಗೂ ರೇಡಿಯೇಟರಿಗೂ ನಡುವೆ ಪಂಪು ನೀರನ್ನು ಪೈಪಿನಲ್ಲಿ ಸುತ್ತಿಸುತ್ತಿರುತ್ತದೆ. ಮೊದಲನೆಯದು 142 ವ್ಯಾಟ್ ತನಕ ಎಳೆಯುತ್ತದೆ, ಎರಡನೆಯದು 320. ಆ ಶಾಖವೆಲ್ಲ ಹೋಗುವುದು ನೀರಿಗೆ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ರೂಮಿಗಿಂತ ತಣ್ಣಗಾಗುವುದಿಲ್ಲ, ಅಲ್ವಾ? ನನ್ನ ಲೂಪಿನಲ್ಲಿ ಹತ್ತು ಹನ್ನೆರಡು ಡಿಗ್ರಿ ಮೇಲೇ ನಿಲ್ಲುತ್ತದೆ. ಅಂದರೆ ಬೇಸಿಗೆಯಲ್ಲಿ ಪೈಪಿನೊಳಗೆ ಓಡುವುದು 46-48 ಡಿಗ್ರಿ ನೀರು. ನಡುವೆ ಕರೆಂಟು ಹೋದರೆ ತಣ್ಣಗಾಗುತ್ತದೆ, ಬಂದರೆ ಮತ್ತೆ ಕಾಯುತ್ತದೆ.

ಕ್ಲಿಪ್ಪಿನ ಪರೀಕ್ಷೆ ನಡೆಯುವುದು ಇಲ್ಲೇ. ಒತ್ತಡ ಅಂತ ಹೆದರುವವರು ಜಾಸ್ತಿ, ಆದರೆ ಒತ್ತಡ ದೊಡ್ಡ ವಿಷಯವೇ ಅಲ್ಲ. ಇಂಥ ಲೂಪಿಗೆ ಹಾಕುವ ಡಿ5 ಪಂಪು ನೀರನ್ನು ಹೆಚ್ಚೆಂದರೆ 4 ಮೀಟರ್‌ನಷ್ಟು ಎತ್ತುತ್ತದೆ. 10 ಮೀಟರ್ ನೀರು ಅಂದರೆ ಸುಮಾರು 1 ಬಾರ್, ಹಾಗಾಗಿ ನಮ್ಮದು 0.4 ಬಾರ್. ಕಾರಿನ ರೇಡಿಯೇಟರಿನಲ್ಲಿ ಸುಮಾರು ಇದರ ಎರಡೂವರೆ ಪಟ್ಟು ಇರುತ್ತದೆ. ಪೈಪು ಕಿತ್ತುಕೊಂಡು ಹೋಗುವುದಿಲ್ಲ. ಬಿಸಿಗೆ ಮೆತ್ತಗಾಗಿ, ಕ್ಲಿಪ್ಪಿನ ಕೆಳಗೆ ತಗ್ಗಾಗಿ, ತಣ್ಣಗಾದ ಮೇಲೆ ಆ ತಗ್ಗು ಹಾಗೇ ಉಳಿಯುತ್ತದೆ. ಆಗ ಹನಿ ಹೊರಗೆ ಬರುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮೇಲೆ ನೀರು ಬಿಟ್ಟು ಪ್ರಯೋಗ ಮಾಡುವುದು ಬೇಡ ಅಂತ ಬೇರೆ ಪಂಪು, ರಿಸರ್ವಾಯರು, ಹಳೇ ರೇಡಿಯೇಟರು ಜೋಡಿಸಿ ಟೇಬಲ್ ಮೇಲಿಟ್ಟೆ. ಒಳಗೆ 10, ಹೊರಗೆ 16 ಮಿಲಿಮೀಟರಿನ ಪೈಪು, ಎರಡು ಬಗೆ: ಪಾರದರ್ಶಕ ಪಿವಿಸಿ ಮತ್ತು ಕಪ್ಪು ಇಪಿಡಿಎಂ ರಬ್ಬರು. ಮೊದಲು ಸೈಕಲ್ ಪಂಪಿನಿಂದ 0.5 ಬಾರ್ ಗಾಳಿ ತುಂಬಿ ಅರ್ಧ ಗಂಟೆ ಮುಳ್ಳು ನೋಡಿದೆ. ಆಮೇಲೆ ದಿನಾ ಮಧ್ಯಾಹ್ನ 50 ಡಿಗ್ರಿ ನೀರು ಹಾಕಿ ಓಡಿಸುವುದು, ರಾತ್ರಿ ನಿಲ್ಲಿಸುವುದು. ಪ್ರತಿ ಜೋಡಣೆಗೂ ಟಿಶ್ಯೂ ಪೇಪರ್ ಸುತ್ತಿದ್ದೆ. ಮಾರ್ಚಿಂದ ಮೇ ತನಕ ಹೀಗೇ ನಡೆಯಿತು.

ಸ್ಕ್ರೂ ಕ್ಲಿಪ್ಪು ಎಲ್ಲರಿಗೂ ಗೊತ್ತಿರುವುದೇ, ಗ್ಯಾಸ್ ಪೈಪಿಗೂ ಹಾಕುತ್ತಾರೆ. 1921ರಲ್ಲಿ ಲಮ್ಲಿ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾದಳದ ಅಧಿಕಾರಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ನೂರು ವರ್ಷ ಆದರೂ ಜಾಗ ಬಿಟ್ಟಿಲ್ಲ. ಆದರೆ ಇಷ್ಟು ಸಣ್ಣ ಪೈಪಿಗೆ ಅದು ಸರಿಯಾಗಿ ದುಂಡಗೆ ಕೂರುವುದಿಲ್ಲ. ಸ್ಕ್ರೂ ಇರುವ ಕಡೆ ಚಪ್ಪಟೆಯಾಗುತ್ತದೆ. ಪಟ್ಟಿಯ ಸೀಳುಗಳಲ್ಲಿ ಪಿವಿಸಿ ಉಬ್ಬಿ ತೂರಿಕೊಂಡಿತ್ತು, ಬಿಚ್ಚಿದಾಗ ಪೈಪಿನ ಮೇಲೆ ಸಾಲು ಗೆರೆಗಳು. ಮೂರು ವಾರಕ್ಕೊಮ್ಮೆ ಕಾಲು ಸುತ್ತು ಬಿಗಿ ಮಾಡಬೇಕಾಯಿತು. ಬಾಲದ ಅಂಚು ಹರಿತ, ಕೇಸಿನೊಳಗೆ ಕೈ ಹಾಕಿದರೆ ಗೀರುತ್ತದೆ. ಒಳ್ಳೆಯ ಗುಣವೂ ಇದೆ: ಎಷ್ಟು ಸಲ ಬೇಕಾದರೂ ಬಿಚ್ಚಿ ಹಾಕಬಹುದು.

ಕೇಬಲ್ ಟೈ ಬಗ್ಗೆ ನನಗೆ ನಂಬಿಕೆ ಇರಲಿಲ್ಲ, ಆದರೆ ಚೆನ್ನಾಗಿ ತಡೆಯಿತು. ಗಂಟಿನ ಕೆಳಗೆ ಒಂದು ಸಣ್ಣ ಸಂದು ಉಳಿಯುತ್ತದೆ. ಅದಕ್ಕೆ ಎರಡು ಟೈ ಹಾಕಿ, ಗಂಟುಗಳನ್ನು ಎದುರುಬದುರು ಇಟ್ಟು, ಇಕ್ಕಳದಿಂದ ಎಳೆಯಬೇಕು. ನೈಲಾನ್ ಬಿಸಿಗೆ ನಿಧಾನಕ್ಕೆ ಹಿಗ್ಗುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ದುಡ್ಡು ಕಡಿಮೆ ಇದ್ದವರು ಧೈರ್ಯವಾಗಿ ಹಾಕಬಹುದು.

ಇನ್ನು ಬಿಸಿಗೆ ಬಿಗಿಯುವ ಪಟ್ಟಿ. ವೈರಿಗೆ ಹಾಕುವ ಹೀಟ್ ಶ್ರಿಂಕ್ ಸ್ಲೀವ್ ಅಂದುಕೊಳ್ಳಬೇಡಿ. ಆ ಸ್ಲೀವ್ ಮುಚ್ಚುತ್ತದೆಯೇ ಹೊರತು ಬಿಗಿ ಹಿಡಿಯುವುದಿಲ್ಲ. ಇದು ದಪ್ಪ ಪ್ಲಾಸ್ಟಿಕ್ಕಿನ ಬಳೆ, ಟ್ರಕ್ಕು ಬಸ್ಸುಗಳ ಕೂಲೆಂಟ್ ಹೋಸಿಗೆ ಅಂತಲೇ ಮಾಡಿದ್ದು. ಗೇಟ್ಸ್ ಕಂಪನಿಯ ಪವರ್‌ಗ್ರಿಪ್ ಇದೇ ಜಾತಿಯದು. ಪೈಪಿಗೆ ಮೊದಲೇ ತೊಡಿಸಿ, ಬಾರ್ಬ್ (ಪೈಪು ಸಿಕ್ಕಿಸುವ, ಏಣುಗಳಿರುವ ಮೂತಿ) ಮೇಲೆ ಪೈಪು ಏರಿಸಿ, ಹೀಟ್ ಗನ್ನಿನಿಂದ ಕಾಯಿಸಬೇಕು.

ಮೊದಲ ಪಟ್ಟಿ ನಾನು ಹಾಕಿದ್ದು ಹೀಗೆ. ಗನ್ನು ಒಂದೇ ಕಡೆ ಹಿಡಿದಿದ್ದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಆ ಬದಿ ತಟ್ಟನೆ ಸೊಟ್ಟಗಾಯಿತು, ಇನ್ನೊಂದು ಬದಿ ಸಡಿಲವಾಗೇ ಇತ್ತು. ಎರಡನೆಯದನ್ನು ಗನ್ನು ಸುತ್ತಿಸುತ್ತಾ ಕಾಯಿಸಿದೆ. ಪಟ್ಟಿ ಎಲ್ಲ ಕಡೆಯಿಂದ ಒಟ್ಟಿಗೆ ಇಳಿದು, ಬಾರ್ಬಿನ ಏಣುಗಳು ರಬ್ಬರಿನ ಮೇಲೆ ಮೆಲ್ಲಗೆ ಎದ್ದು ಕಾಣುವ ಹಾಗೆ ಕೂತಿತು. ಸ್ಕ್ರೂ ಇಲ್ಲ, ಗಂಟಿಲ್ಲ, ಸಂದಿಲ್ಲ. ಉಗುರು ತೂರಿಸಲು ನೋಡಿದೆ, ಆಗಲಿಲ್ಲ.

ಪಿವಿಸಿ ಪೈಪಿನಲ್ಲಿ ಮಾತ್ರ ಕೆಟ್ಟಿತು. ಪಟ್ಟಿ ಇಳಿಯುವಷ್ಟು ಬಿಸಿಗೆ ಪೈಪು ಬೆಂದ ಶಾವಿಗೆಯಂತೆ ಮೆತ್ತಗಾಯಿತು, ಪಟ್ಟಿಯ ಅಂಚು ಒಳಗೆ ಇಳಿಯಿತು. ಗಾಳಿ ಪರೀಕ್ಷೆಯಲ್ಲಿ ಪಾಸಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಟಿಶ್ಯೂ ಒಂದು ಮೂಲೆಯಲ್ಲಿ ಒದ್ದೆ. ಬಾರ್ಬಿನ ಕೆಳಗೆ ಸಾಸಿವೆ ಕಾಳಿನಷ್ಟು ಹನಿ, ಒರೆಸಿದರೆ ಹತ್ತು ನಿಮಿಷಕ್ಕೆ ಮತ್ತೊಂದು. ಗೋಕುಲ ರೋಡಿನಲ್ಲಿ ನಮ್ಮ ಗಾಡಿ ನೋಡುವ ಮೆಕ್ಯಾನಿಕ್ ಕೈಗೆ ಆ ತುಂಡು ಕೊಟ್ಟೆ. ಬೆರಳಲ್ಲಿ ಒತ್ತಿ ನೋಡಿ, "ಇದು ರಬ್ಬರ್ ಹೋಸಿಗೆ ಮಾಡಿದ್ದೈತ್ರೀ ಸರ. ಪ್ಲಾಸ್ಟಿಕ್ ಪೈಪಿಗೆ ಹಚ್ಚಬ್ಯಾಡ್ರಿ" ಅಂದರು. ರಬ್ಬರು ಒತ್ತಿದರೆ ತಿರುಗಿ ಒತ್ತುತ್ತದೆ, ಪಿವಿಸಿ ಸುಮ್ನೆ ಜಾಗ ಬಿಟ್ಟುಕೊಡುತ್ತದೆ. ಅಷ್ಟೇ ವ್ಯತ್ಯಾಸ. ಇಪಿಡಿಎಂ ಮೇಲಿನ ನಾಲ್ಕೂ ಪಟ್ಟಿಗಳ ಟಿಶ್ಯೂ ಮೇ ಕೊನೆಗೂ ಒಣಗಿತ್ತು, ಒಮ್ಮೆಯೂ ಬಿಗಿ ಮಾಡಿರಲಿಲ್ಲ. ಇಪಿಡಿಎಂ ಹಾಕಲು ಇನ್ನೊಂದು ಕಾರಣವೂ ಇದೆ: ಪಿವಿಸಿಯನ್ನು ಮೆತ್ತಗಿಡುವ ಪದಾರ್ಥ ಕ್ರಮೇಣ ನೀರಿಗೆ ಬಿಟ್ಟು, ಸಿಪಿಯು ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಅಂಟುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬ್ಲಾಕಿಗೆ ಕೂರಿಸಿದ ಮೇಲೆ ಹೀಟ್ ಗನ್ನು ಹಿಡಿಯಬೇಡಿ. ಬ್ಲಾಕಿನ ಮೇಲ್ಭಾಗ ಅಕ್ರಿಲಿಕ್ ಆಗಿದ್ದರೆ 100 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ, ಬಿರುಕೂ ಬಿಡಬಹುದು. ಬಾರ್ಬನ್ನು ಹೊರಗೆ ಇಟ್ಟುಕೊಂಡೇ ಪಟ್ಟಿ ಇಳಿಸಿ, ಪೂರ್ತಿ ತಣ್ಣಗಾದ ಮೇಲೆ ಬ್ಲಾಕಿನ ಜಿ1/4 ಅಳತೆಯ ತಿರುಪು ತೂತಿಗೆ ತಿರುಗಿಸಬೇಕು. ಆಗ ಪೈಪೂ ಜೊತೆಗೆ ತಿರುಗುತ್ತದೆ. ಒಂದು ತುದಿಗೆ ತೊಂದರೆ ಇಲ್ಲ, ಇನ್ನೊಂದು ತುದಿಗೆ ಪೈಪು ಹುರಿಗೊಳ್ಳುತ್ತದೆ. ಅದಕ್ಕೆ ಆ ತುದಿಯಲ್ಲಿ ತಿರುಗುವ ರೋಟರಿ ಅಡಾಪ್ಟರ್ ಹಾಕಲೇಬೇಕು. ಇದು ನನಗೆ ಮೂರನೇ ಜೋಡಣೆಯಲ್ಲಿ ಗೊತ್ತಾಯಿತು.

ಕ್ಲಿಪ್ಪೇ ಬೇಡದ ದಾರಿಯೂ ಇದೆ: ಪೈಪಿನ ಮೇಲೆ ಉಂಗುರ ತಿರುಗಿಸಿ ಅದುಮುವ ಕಂಪ್ರೆಷನ್ ಫಿಟ್ಟಿಂಗು. ನೋಡಲು ಚೆಂದ, ಕೈಯಲ್ಲೇ ಬಿಗಿಯಬಹುದು. ಒಳ ಹೊರ ಎರಡೂ ಅಳತೆ ಸರಿಯಾಗಿ ಹೊಂದಬೇಕು. ನನ್ನ ಲೂಪಿಗಾದರೆ ಹನ್ನೆರಡು ಬೇಕು, ನಾನು ಒಂದಕ್ಕೆ 500 ರೂಪಾಯಿಯಂತೆ ಕೊಟ್ಟೆ. ಪಿವಿಸಿ ಬಿಡಲು ಮನಸ್ಸಿಲ್ಲದವರಿಗೆ ಇದೇ ಸರಿ.

ಈಗ ನನ್ನ ಕಂಪ್ಯೂಟರಿನಲ್ಲಿ ಪಿವಿಸಿ ಇಲ್ಲ. ಪಂಪಿನ ಬಳಿ, ರೇಡಿಯೇಟರಿನ ಹಿಂದೆ, ಕೈ ಹೋಗದ ಕಡೆಯೆಲ್ಲ ಬಿಸಿಗೆ ಬಿಗಿಯುವ ಪಟ್ಟಿ. ಸಿಪಿಯು ಬ್ಲಾಕು, ಗ್ರಾಫಿಕ್ಸ್ ಕಾರ್ಡು, ನೀರು ಇಳಿಸುವ ವಾಲ್ವು, ಅಂದರೆ ವರ್ಷಕ್ಕೊಮ್ಮೆ ಬಿಚ್ಚುವ ಕಡೆ ಕಂಪ್ರೆಷನ್ ಫಿಟ್ಟಿಂಗು. ಪಟ್ಟಿಯನ್ನು ತೆಗೆಯುವಾಗ ಬ್ಲೇಡು ಹಾಕಬೇಡಿ, ಕೆಳಗಿನ ಪೈಪಿಗೆ ಗೀರು ಬೀಳುತ್ತದೆ. ಸೋಲ್ಡರಿಂಗ್ ಐರನ್ನಿನ ತುದಿಯಿಂದ ಅಡ್ಡಕ್ಕೆ ಕರಗಿಸಿ, ಕಿಟಕಿ ತೆರೆದಿಟ್ಟುಕೊಂಡು. ಒಮ್ಮೆ ತೆಗೆದದ್ದು ಮತ್ತೆ ಬರುವುದಿಲ್ಲ, ಹಾಗಾಗಿ ಎರಡು ಮೂರು ಜಾಸ್ತಿಯೇ ತರಿಸಿಟ್ಟುಕೊಳ್ಳಿ.