ಇಪ್ಪತ್ತು ತಿಂಗಳು ಬಳಸಿದ ಸ್ಮಾರ್ಟ್ ತೂಕದ ಯಂತ್ರ: ಯಾವ ಅಂಕಿಯನ್ನು ನಂಬಬಹುದು, ಯಾವುದನ್ನು ಬಿಡಬೇಕು

ನಾನು ಈ ತೂಕದ ಯಂತ್ರವನ್ನು ಕೊಂಡದ್ದು 2023ರ ಜೂನ್ ತಿಂಗಳಲ್ಲಿ, ಆನ್‌ಲೈನಿನಲ್ಲಿ, 1,799 ರೂಪಾಯಿಗೆ. ದಪ್ಪ ಗಾಜಿನ ಹಲಗೆ, ಪಾದ ತಾಗುವಲ್ಲಿ ನಾಲ್ಕು ಲೋಹದ ಪಟ್ಟಿ, ಅಂಕಿಗಳನ್ನು ಮೊಬೈಲಿಗೆ ಕಳುಹಿಸುವ ಬ್ಲೂಟೂತ್. ಒಮ್ಮೆ ಬರಿಗಾಲಲ್ಲಿ ಹತ್ತಿ ನಿಂತರೆ ತೂಕ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ), ಕೊಬ್ಬಿನ ಶೇಕಡಾವಾರು, ಸ್ನಾಯು, ನೀರು, ಮೂಳೆ, ‘ದೇಹದ ವಯಸ್ಸು’ ಎಂದು ಒಟ್ಟು ಹದಿಮೂರು ಅಂಕಿಗಳನ್ನು ಕೊಡುತ್ತದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಬೆಲೆಯ ಯಂತ್ರಗಳು ಅಳೆಯುವ ವಿಧಾನ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನನ್ನ ಅನುಭವ ಬೇರೆ ಹೆಸರಿನ ಯಂತ್ರ ಕೊಳ್ಳುವವರಿಗೂ ಉಪಯೋಗಕ್ಕೆ ಬಂದೀತು.

ಆಗ ನನಗೆ ನಲವತ್ತಮೂರು ವರ್ಷ, ಎತ್ತರ 158 ಸೆಂಟಿಮೀಟರ್, ತೂಕ 78.4 ಕಿಲೋ. ಉಡುಪಿಯ ಕಚೇರಿಯೊಂದರಲ್ಲಿ ಇಡೀ ದಿನ ಕುಳಿತು ಮಾಡುವ ಕೆಲಸ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದ ರಕ್ತದ ಸಕ್ಕರೆ 112 ಬಂದಾಗ ವೈದ್ಯರು, “ಮಾತ್ರೆ ಈಗಲೇ ಬೇಡ. ನೀವು ಮೊದಲು ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ನೋಡುವ” ಎಂದರು. ಈ ಯಂತ್ರ ಮನೆಗೆ ಬಂದದ್ದು ಆ ಮಾತಿನಿಂದ.

ಮೊದಲು ತೂಕದ ವಿಷಯ. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ, ಮನೆಯಲ್ಲಿ ಬಳಸುವ ಯಂತ್ರಕ್ಕೆ ಅಂಥ ಪರೀಕ್ಷೆ ನಡೆಯುವುದಿಲ್ಲ. ಆದ್ದರಿಂದ ಅಂಗಡಿಯಿಂದ ಆಗ ತಾನೇ ಬಂದಿದ್ದ, ಇನ್ನೂ ಹೊಲಿಗೆ ಬಿಚ್ಚದ 25 ಕಿಲೋ ಕುಚ್ಚಲಕ್ಕಿಯ ಚೀಲವನ್ನು ಯಜಮಾನರಿಂದ ಎತ್ತಿಸಿಕೊಂಡು ಯಂತ್ರದ ಮೇಲೆ ನಿಂತೆ. ಚೀಲ ಇಲ್ಲದೆ 78.4, ಚೀಲದೊಂದಿಗೆ 103.5. ಖಾಲಿ ಚೀಲದ ತೂಕವನ್ನೂ ಲೆಕ್ಕ ಹಾಕಿದರೆ ಇದಕ್ಕಿಂತ ಸರಿಯಾದ ಉತ್ತರ ಬೇಕಾಗಿಲ್ಲ. ಆದರೆ ಮೊದಲ ವಾರ ಅದೇ ಯಂತ್ರ ಒಂದೇ ನಿಮಿಷದೊಳಗೆ 77.9, 78.6, 78.2 ಎಂದು ಮೂರು ರೀತಿ ತೋರಿಸಿದ್ದೂ ಉಂಟು. ದೋಷ ಯಂತ್ರದ್ದಾಗಿರಲಿಲ್ಲ. ನಮ್ಮದು ಹಳೆಯ ಮನೆ, ಒಳಕೋಣೆಯ ಕೆಂಪು ಕಾವಿಯ ನೆಲ ಕಣ್ಣಿಗೆ ನುಣುಪಾಗಿ ಕಂಡರೂ ಅಲ್ಲಲ್ಲಿ ತಗ್ಗಿದೆ, ಯಂತ್ರದ ನಾಲ್ಕು ಕಾಲೂ ಸಮನಾಗಿ ಊರುತ್ತಿರಲಿಲ್ಲ. ಜಗಲಿಗೆ ಹೊಸದಾಗಿ ಹಾಸಿದ ಟೈಲ್ಸ್ ಮೇಲೆ ಇಟ್ಟ ದಿನದಿಂದ ಆ ತೊಂದರೆ ಇಲ್ಲ. ಯಂತ್ರ ಸರಿಯಿಲ್ಲವೆಂದು ಹಿಂದಿರುಗಿಸುವ ಮೊದಲು ನೆಲವನ್ನು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ತೂಕದ ಅಂಕಿ ಸರಿಯಾಗಿದ್ದರೂ ಅದನ್ನು ಓದುವ ಬಗೆಯನ್ನು ನಾನು ಕಲಿಯಬೇಕಾಯಿತು. ಆ ವರ್ಷದ ಚೌತಿಯ ಎರಡು ದಿನ ಕೊಟ್ಟೆ ಕಡುಬು, ಪಂಚಕಜ್ಜಾಯ, ಪಾಯಸ, ಉಪ್ಪಿನಕಾಯಿ ಎಲ್ಲವನ್ನೂ ತಿಂದು ಮೂರನೆಯ ದಿನ ಬೆಳಿಗ್ಗೆ ನೋಡಿದರೆ ತೂಕ 1.6 ಕಿಲೋ ಏರಿತ್ತು. ಮೂರು ತಿಂಗಳ ಕಷ್ಟ ಎರಡು ದಿನದಲ್ಲಿ ಹೋಯಿತೆಂದು ನಾನು ಅತ್ತದ್ದು ನಿಜ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಷ್ಟು ಕೊಬ್ಬು ಏರಬೇಕಾದರೆ ದಿನನಿತ್ಯದ ಊಟದ ಮೇಲೆ ಹನ್ನೆರಡು ಸಾವಿರ ಕ್ಯಾಲೊರಿ ಹೆಚ್ಚು ತಿಂದಿರಬೇಕು, ನಾನು ಅಷ್ಟು ತಿಂದಿರಲಿಲ್ಲ. ಅಕ್ಕಿಯ ಪಿಷ್ಟವನ್ನೂ ಬೆಲ್ಲದ ಸಕ್ಕರೆಯನ್ನೂ ದೇಹ ಗ್ಲೈಕೋಜೆನ್ ರೂಪದಲ್ಲಿ ಕೂಡಿಡುವಾಗ ಅದರ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ, ಉಪ್ಪು ಇನ್ನಷ್ಟು ನೀರನ್ನು ಹಿಡಿದಿಡುತ್ತದೆ. ಐದನೆಯ ದಿನಕ್ಕೆ ಆ ಏರಿಕೆಯೆಲ್ಲ ಇಳಿದಿತ್ತು. ಹೆಂಗಸರಿಗೆ ಮುಟ್ಟಿನ ಹಿಂದಿನ ಮೂರು ನಾಲ್ಕು ದಿನಗಳಲ್ಲಿಯೂ ಹೀಗೆಯೇ ನೀರು ನಿಲ್ಲುತ್ತದೆ. ನನಗೆ ಪ್ರತಿ ತಿಂಗಳೂ ಮುಕ್ಕಾಲು ಕಿಲೋದಿಂದ ಒಂದು ಕಿಲೋದವರೆಗೆ ಏರುತ್ತದೆ. ಆದುದರಿಂದ ಈಗ ನಾನು ಪ್ರತಿದಿನ ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ಕುಡಿಯುವ ಮೊದಲು ತೂಕ ನೋಡಿ, ಭಾನುವಾರ ಏಳೂ ದಿನಗಳ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಮಾತ್ರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಮತ್ತು ಅದನ್ನು ಹಿಂದಿನ ತಿಂಗಳಿನ ಅದೇ ವಾರದೊಂದಿಗೆ ಹೋಲಿಸುತ್ತೇನೆ.

ಇನ್ನು ಈ ಯಂತ್ರವನ್ನು ಮಾರುವುದೇ ಯಾವುದರ ಹೆಸರಿನಲ್ಲೋ ಆ ಕೊಬ್ಬಿನ ಶೇಕಡಾವಾರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಪ್ರಯತ್ನವನ್ನು ಅರ್ಧಕ್ಕೆ ನಿಲ್ಲಿಸುವ ಹಂತಕ್ಕೆ ತಂದದ್ದು ಅದು. 2023ರ ನವೆಂಬರಿನಿಂದ 2024ರ ಜನವರಿಯ ಕೊನೆಯವರೆಗೆ ನನ್ನ ವಾರದ ಸರಾಸರಿ 73.2 ಮತ್ತು 73.6ರ ನಡುವೆ ನಿಂತುಬಿಟ್ಟಿತು. ಊಟದಲ್ಲಿ ಏನೂ ಬದಲಾಗಿರಲಿಲ್ಲ, ಮೇಲಾಗಿ ಫಿಸಿಯೊಥೆರಪಿಸ್ಟ್ ಒಬ್ಬರಲ್ಲಿ ಕಲಿತು ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ಮಾಡುವ ದಂಡ, ರಬ್ಬರ್ ಪಟ್ಟಿಯ ಎಳೆತ ಆರಂಭಿಸಿದ್ದೆ. ಅಷ್ಟಾದರೂ ಆ್ಯಪ್ ಕೊಬ್ಬನ್ನು 38.4ರಿಂದ 39.1ಕ್ಕೆ ಏರಿಸಿ, ಕೆಂಪು ಬಣ್ಣದ ಬಾಣ ತೋರಿಸಿತು. ಕತ್ತಲಿರುವಾಗಲೇ ಎದ್ದು ವ್ಯಾಯಾಮ ಮಾಡಿ ಬಂದವಳಿಗೆ ದಿನಾ ಬೆಳಿಗ್ಗೆ ಆ ಬಾಣವನ್ನು ನೋಡುವುದು ಎಷ್ಟು ನೋವಿನ ವಿಷಯವೆಂದು ಆ ದಾರಿಯಲ್ಲಿ ನಡೆದವರಿಗೆ ತಿಳಿದಿರುತ್ತದೆ.

ಫೆಬ್ರವರಿಯ ಒಂದು ಭಾನುವಾರ ನಾನು ಯಂತ್ರವನ್ನೇ ಪರೀಕ್ಷೆಗೆ ಒಡ್ಡಿದೆ. ಬೆಳಿಗ್ಗೆ ಆರೂವರೆಗೆ ಕೊಬ್ಬು 39.1. ಸ್ನಾನ ಮಾಡಿ, ಪಾದವನ್ನು ಸರಿಯಾಗಿ ಒರೆಸದೆ ನಿಂತಾಗ 37.6. ಸಂಜೆ ನಡಿಗೆ ಮುಗಿಸಿ ಬೆವರಿದ ಕಾಲಿನಲ್ಲಿ 37.2. ಒಂದೇ ದಿನದಲ್ಲಿ ಶೇಕಡಾ ಎರಡರಷ್ಟು, ಅಂದರೆ ನನ್ನ ತೂಕಕ್ಕೆ ಸುಮಾರು 1.4 ಕಿಲೋ ಕೊಬ್ಬು ಕರಗಿತೆಂದು ಯಾರೂ ಒಪ್ಪಲಾರರು. ಬಳಿಕ ಆ್ಯಪಿನಲ್ಲಿ ನನ್ನ ವಯಸ್ಸನ್ನು ಹತ್ತು ವರ್ಷ ಕಡಿಮೆ ಮಾಡಿ ಮತ್ತೆ ಹತ್ತಿದೆ. ದೇಹ ಅದೇ, ನಿಮಿಷವೂ ಹೆಚ್ಚುಕಡಿಮೆ ಅದೇ, ಕೊಬ್ಬು ಮಾತ್ರ ಇನ್ನಷ್ಟು ಇಳಿಯಿತು.

ಇದರ ಕಾರಣ ಅಳೆಯುವ ವಿಧಾನದಲ್ಲಿಯೇ ಇದೆ. ಯಂತ್ರ ಒಂದು ಪಾದದಿಂದ ಇನ್ನೊಂದು ಪಾದಕ್ಕೆ ನಮ್ಮ ಅರಿವಿಗೆ ಬಾರದಷ್ಟು ಸಣ್ಣ ವಿದ್ಯುತ್ತನ್ನು ಹರಿಸಿ, ದೇಹ ಅದಕ್ಕೆ ಒಡ್ಡುವ ತಡೆಯನ್ನು ಅಳೆಯುತ್ತದೆ. ಸ್ನಾಯುವಿನಲ್ಲಿ ನೀರು ಮತ್ತು ಲವಣ ಹೆಚ್ಚಿರುವುದರಿಂದ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕೊಬ್ಬು ತಡೆಯುತ್ತದೆ. ಅದು ನಿಜವಾಗಿ ಅಳೆಯುವುದು ಇಷ್ಟನ್ನೇ. ವಿದ್ಯುತ್ ಒಂದು ಕಾಲಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವುದರಿಂದ ಎದೆ, ತೋಳುಗಳ ಸುದ್ದಿ ಅದಕ್ಕೆ ಸಿಗುವುದು ಕಡಿಮೆ. ಉಳಿದದ್ದನ್ನು ನಾವು ತುಂಬಿಸಿದ ಎತ್ತರ, ವಯಸ್ಸು, ಲಿಂಗಗಳನ್ನು ಸೂತ್ರಕ್ಕೆ ಹಾಕಿ ಲೆಕ್ಕ ಮಾಡಿ ಹೇಳುತ್ತದೆ. ಚಳಿಗಾಲದಲ್ಲಿ ನನ್ನ ಹಿಮ್ಮಡಿ ಒಣಗಿ ಒಡೆಯುತ್ತದೆ. ಒಣ ಚರ್ಮ, ಕಡಿಮೆ ಕುಡಿದ ನೀರು ಎರಡೂ ತಡೆಯನ್ನು ಹೆಚ್ಚಿಸುತ್ತವೆ, ಯಂತ್ರ ಅದನ್ನೇ ಕೊಬ್ಬೆಂದು ಓದುತ್ತದೆ. ‘ದೇಹದ ವಯಸ್ಸು’, ಮೂಳೆಯ ತೂಕ ಮುಂತಾದವು ಆ ಲೆಕ್ಕದ ಮೇಲಿನ ಲೆಕ್ಕಗಳು, ಅವನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ.

ಬಿಎಂಐ ಬಗ್ಗೆ ಒಂದೇ ಮಾತು. ಈ ಆ್ಯಪ್ 25ರವರೆಗೆ ಹಸಿರು ಬಣ್ಣ ತೋರಿಸುತ್ತದೆ, ಆದರೆ ಭಾರತೀಯರಿಗೆ ವೈದ್ಯರು ಅನುಸರಿಸುವ ಮಿತಿಯಲ್ಲಿ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು. ನಮ್ಮ ಜನರ ದೇಹದಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಕೊಬ್ಬು ಮತ್ತು ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಹಸಿರು ಬಣ್ಣವನ್ನು ನಂಬಿ ಸುಮ್ಮನಿರಬಾರದು.

ಆ ಮೂರು ತಿಂಗಳು ನಿಜವಾಗಿ ಏನಾಗುತ್ತಿತ್ತೆಂದು ನನಗೆ ಹೇಳಿದ್ದು ರಥಬೀದಿಯ ಹತ್ತಿರದ ಅಂಗಡಿಯಲ್ಲಿ 30 ರೂಪಾಯಿಗೆ ಕೊಂಡ ಅಳತೆ ಟೇಪು. ಅದನ್ನು ಹೊಕ್ಕುಳ ನೋಡಿಕೊಂಡು ಸುತ್ತುವುದು ಸರಿಯಾದ ಕ್ರಮವಲ್ಲ. ಪಕ್ಕದಲ್ಲಿ ಕೈಯಾಡಿಸಿ ಕೊನೆಯ ಪಕ್ಕೆಲುಬಿನ ಕೆಳ ಅಂಚನ್ನೂ ಸೊಂಟದ ಮೂಳೆಯ ಮೇಲಂಚನ್ನೂ ಗುರುತಿಸಿ, ಎರಡರ ಸರಿಮಧ್ಯದಲ್ಲಿ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಿ, ಹೊಟ್ಟೆಯನ್ನು ಎಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕ್ರಮ ಇದು. ನಾನು ಮೂರು ಸಲ ಅಳೆದು ನಡುವಿನ ಅಂಕಿಯನ್ನು ಬರೆಯುತ್ತೇನೆ. ತೂಕ ನಿಂತೇ ಇದ್ದ ಆ ಅವಧಿಯಲ್ಲಿ ನನ್ನ ಸುತ್ತಳತೆ 93ರಿಂದ 89.5 ಸೆಂಟಿಮೀಟರಿಗೆ ಇಳಿದಿತ್ತು. ಕೊಬ್ಬು ಕರಗುತ್ತಿತ್ತು, ಹೊಸ ವ್ಯಾಯಾಮದಿಂದ ಸ್ನಾಯು ಮತ್ತು ಅದರೊಳಗಿನ ನೀರು ಏರುತ್ತಿತ್ತು, ತಕ್ಕಡಿಗೆ ಎರಡೂ ಒಂದೇ ಭಾರ.

ಟೇಪಿನ ಮಾತಿಗೆ ಸಾಕ್ಷಿಯೂ ಸಿಕ್ಕಿತು. ನನ್ನ ಟೈಲರ್ ಬಳಿ ಎಲ್ಲ ಗಿರಾಕಿಗಳ ಅಳತೆ ಬರೆದಿಟ್ಟ ಉದ್ದನೆಯ ಪುಸ್ತಕವಿದೆ. ನನ್ನ ಹಾಳೆಯಲ್ಲಿ ವರ್ಷವರ್ಷದ ಅಳತೆಗಳು ಒಂದರ ಕೆಳಗೆ ಒಂದು ಇವೆ, ಹಳೆಯದಕ್ಕೆ ಅಡ್ಡಗೆರೆ. ಮಾರ್ಚಿನಲ್ಲಿ ಮದುವೆಯೊಂದಕ್ಕೆ ರವಿಕೆ ಕೊಡಲು ಹೋದಾಗ ಅವಳು ಟೇಪು ಸುತ್ತಿ, ಪುಸ್ತಕ ನೋಡಿ, ಮತ್ತೊಮ್ಮೆ ಸುತ್ತಿ, “ಅಕ್ಕಾ, ಎರಡೂವರೆ ಇಂಚು ಕಮ್ಮಿ ಉಂಟಲ್ಲ! ಹಳೇ ಅಳತೆಗೆ ಹೊಲಿದರೆ ಚೀಲದ ಹಾಗೆ ಆಗ್ತದೆ” ಎಂದಳು. ಆ ಹಾಳೆಯಲ್ಲಿ ಹೊಸ ಅಂಕಿ ಹಿಂದಿನದಕ್ಕಿಂತ ಚಿಕ್ಕದಾಗಿ ಬಿದ್ದದ್ದು ಅದೇ ಮೊದಲು. ಆ ದಿನ ಆದ ಸಂತೋಷವನ್ನು ಆ್ಯಪಿನ ಯಾವ ಗ್ರಾಫೂ ನನಗೆ ಕೊಟ್ಟಿಲ್ಲ.

ದಕ್ಷಿಣ ಏಷ್ಯಾದ ಹೆಂಗಸರಿಗೆ ಸುತ್ತಳತೆಯ ಮಿತಿ 80 ಸೆಂಟಿಮೀಟರ್, ಗಂಡಸರಿಗೆ 90. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬುದು ನೆನಪಿಡಲು ಇನ್ನೂ ಸುಲಭವಾದ ಲೆಕ್ಕ, ನನಗೆ ಅದು 79. ಆರಂಭದಲ್ಲಿ 98 ಇದ್ದದ್ದು ಈಗ 86, ತೂಕ 69.6. ಇನ್ನೂ ಹೋಗಬೇಕಾದ ದಾರಿ ಇದೆ. ಟೇಪು ಬಳಸಿದಂತೆ ಹಿಗ್ಗುತ್ತದೆ, ಆದುದರಿಂದ ವರ್ಷಕ್ಕೊಮ್ಮೆ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು ನೋಡಿ.

ದೇಹದ ತ್ರಾಣವನ್ನು ಅಳೆಯಲು ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದ 400 ಮೀಟರ್ ಪಥವನ್ನು ಬಳಸುತ್ತೇನೆ. ತಿಂಗಳಿಗೊಮ್ಮೆ, ಓಡದೆ, ನಾಲ್ಕು ಸುತ್ತು. ಮೊದಲ ಸಲ 21 ನಿಮಿಷ ಬೇಕಾಗಿತ್ತು, ಕಳೆದ ತಿಂಗಳು 15 ನಿಮಿಷ 40 ಸೆಕೆಂಡು. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅದೇ ದೇಹಕ್ಕೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಮಳೆಗಾಲದಲ್ಲಿ ಪರೀಕ್ಷೆಯೇ ತಪ್ಪುತ್ತದೆ. ಆಗ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸುವ ನಾಡಿಯನ್ನು ಅವಲಂಬಿಸುತ್ತೇನೆ. ಅದು 84ರಿಂದ 70ಕ್ಕೆ ಬಂದಿದೆ. ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿ 6.1ರಿಂದ 5.6ಕ್ಕೆ ಇಳಿದಿದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ ಆಗಿರುವುದರಿಂದ ಈ ಪರೀಕ್ಷೆಯನ್ನು ಮೂರು ತಿಂಗಳಿಗೆ ಮೊದಲೇ ಮಾಡಿಸಿ ಪ್ರಯೋಜನವಿಲ್ಲ.

ಯಂತ್ರದ ಬಾಳಿಕೆಯಲ್ಲಿ ಎರಡು ದೂರುಗಳಿವೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬ್ಯಾಟರಿ ಕೂರುವ ತಗಡಿಗೆ ಹಸಿರು ಕಿಲುಬು ಹಿಡಿದು ಯಂತ್ರ ನಿಂತುಹೋಯಿತು. ಲಿಂಬೆರಸ ತಾಗಿಸಿದ ಹತ್ತಿಯಿಂದ ಉಜ್ಜಿ, ಚೆನ್ನಾಗಿ ಒಣಗಿಸಿದ ಮೇಲೆ ಸರಿಯಾಯಿತು. ಸಮುದ್ರದ ಹತ್ತಿರ ಇರುವವರು ಇದನ್ನು ವರ್ಷಕ್ಕೊಮ್ಮೆ ತೆರೆದು ನೋಡುವುದು ಒಳ್ಳೆಯದು. ಎರಡನೆಯದು ಇದಕ್ಕಿಂತ ದೊಡ್ಡದು. ಕಳೆದ ಆಗಸ್ಟಿನಲ್ಲಿ ಮೊಬೈಲ್ ಬದಲಾಯಿಸಿದಾಗ ಆ್ಯಪ್ ಅದೇ ಖಾತೆಯಲ್ಲಿ ತೆರೆದುಕೊಂಡರೂ ಐದು ತಿಂಗಳ ದಾಖಲೆ ಬರಲಿಲ್ಲ. ಮೂರು ಇಮೇಲ್ ಬರೆದೆ, ಒಂದಕ್ಕೆ ಮಾತ್ರ ಉತ್ತರ ಬಂತು, ಅದೂ ಆ್ಯಪನ್ನು ಅಳಿಸಿ ಮತ್ತೆ ಹಾಕಿ ಎಂದು. ಗೋಡೆಯ ಕ್ಯಾಲೆಂಡರ್ ಇಲ್ಲದಿದ್ದರೆ ಮೇಲಿನ ಎಷ್ಟೋ ಅಂಕಿಗಳನ್ನು ನಾನು ಬರೆಯಲು ಸಾಧ್ಯವಿರಲಿಲ್ಲ.

ಹೊಸದಾಗಿ ಕೊಳ್ಳುವವರು ಕೇಳಿದರೆ, ವಿದ್ಯುತ್ ಹರಿಸದ ಸಾದಾ ಡಿಜಿಟಲ್ ಯಂತ್ರ ಮತ್ತು ಒಂದು ಟೇಪು ಕೊಳ್ಳಿ ಎನ್ನುತ್ತೇನೆ. ಕೊಬ್ಬಿನ ಅಂಕಿ ಬೇಕೇ ಬೇಕೆನ್ನುವವರು ದಿನದ ಅದೇ ಹೊತ್ತಿನಲ್ಲಿ, ಒಣಗಿದ ಸ್ವಚ್ಛ ಪಾದದಲ್ಲಿ ಅಳೆದು, ಎರಡು ಮೂರು ತಿಂಗಳ ಒಟ್ಟು ಇಳಿಕೆಯನ್ನು ಮಾತ್ರ ನೋಡಲಿ. ಗರ್ಭಿಣಿಯರು ಮತ್ತು ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಥ ಯಂತ್ರದ ಮೇಲೆ ನಿಲ್ಲಲೇಬಾರದು. ಈ ಸೂಚನೆ ನಮ್ಮ ಯಂತ್ರದೊಂದಿಗೆ ಬಂದ ಪುಸ್ತಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿತ್ತು. ನಮ್ಮ ಅತ್ತೆಯವರಿಗೆ ಪೇಸ್‌ಮೇಕರ್ ಇದೆ. ಒಂದು ದಿನ ಅವರು, “ನನ್ನದೂ ಒಮ್ಮೆ ನೋಡು ಮಗಾ” ಎಂದು ಒಂದು ಕಾಲನ್ನು ಮೇಲೆ ಇಟ್ಟಾಗಿತ್ತು, ನಾನು ಓಡಿ ಬಂದು ಕೈಹಿಡಿದು ಇಳಿಸಿದೆ. ಮೈಯಲ್ಲಿ ನೀರು ತುಂಬಿದರೆ ಬೇಗ ತಿಳಿಯಲೆಂದು ಅವರ ಹೃದಯದ ವೈದ್ಯರು ದಿನಾ ತೂಕ ನೋಡಲು, ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಕೂಡಲೇ ತಿಳಿಸಲು ಹೇಳಿದ್ದಾರೆ. ಅದಕ್ಕಾಗಿ 700 ರೂಪಾಯಿಯ ಸಾದಾ ಯಂತ್ರವೊಂದನ್ನು ತಂದೆವು. ಅತ್ತೆಯವರು ತಪ್ಪಿ ಹತ್ತದಂತೆ ನನ್ನ ಯಂತ್ರ ಈಗ ನನ್ನ ಕೋಣೆಯ ಕಪಾಟಿನಲ್ಲಿದೆ. ಒಂದು ವಾರ ಎರಡರಲ್ಲೂ ನಿಂತು ನೋಡಿದೆ, ನನ್ನ ತೂಕದಲ್ಲಿ ನೂರು ಗ್ರಾಮಿಗಿಂತ ಹೆಚ್ಚಿನ ವ್ಯತ್ಯಾಸ ಒಂದು ದಿನವೂ ಬರಲಿಲ್ಲ.